ಹೇಳದೆ ಬಂದ ನೆಂಟರಿಗೆ ಬಿಸಿ ರೊಟ್ಟಿ

ಸಂಜೆ ಏಳೂವರೆ ಗಂಟೆಯ ಹೊತ್ತು. ಮಧ್ಯಾಹ್ನದ ಅನ್ನ ಪಾತ್ರೆಯ ತಳ ಕಂಡಿದೆ. ಸಾರು ಇರುವುದು ಮನೆಯವರಿಗೆ ಸಾಕು ಎನ್ನುವಷ್ಟು ಮಾತ್ರ. ಆಗ ಬಾಗಿಲ ಬಳಿ ಚಪ್ಪಲಿ ಬಿಡುವ ಸದ್ದು, ನೋಡಿದರೆ ನೆಂಟರು! "ಊಟ ಮುಗಿಸಿಕೊಂಡೇ ಬಂದಿದೀವಿ, ನೀವೇನೂ ಮಾಡೋದಕ್ಕೆ ಹೋಗಬೇಡಿ" ಎನ್ನುತ್ತಾರೆ. ಆ ಮಾತನ್ನು ಯಾವ ಮನೆಯಾಕೆಯೂ ನಂಬುವುದಿಲ್ಲ. ಹೇಳಿದವರೂ ನಂಬಲಿ ಎಂದು ಹೇಳಿರುವುದಿಲ್ಲ.

ಈಗ ಎಲ್ಲರ ಕೈಯಲ್ಲೂ ಫೋನು ಇದೆ, ಹೇಳದೆ ಬರುವವರು ಯಾರು ಎಂದು ನೀವು ಕೇಳಬಹುದು. ಫೋನು ಇದೆ, ನಿಜ. ಆದರೆ ನಮ್ಮ ನೆಂಟರು ಫೋನು ಮಾಡುವುದು ಬಸ್ ಸ್ಟ್ಯಾಂಡಿನಿಂದ! ನಮಗೆ ಸಿಕ್ಕುವುದು ಹತ್ತು ನಿಮಿಷದ ಎಚ್ಚರಿಕೆ ಅಷ್ಟೆ. ಆ ಹತ್ತು ನಿಮಿಷದಲ್ಲಿ ಕೆಲವರು ಹೋಟೆಲಿನಿಂದ ತರಿಸುತ್ತಾರೆ; ಕೆಲವರು ಬೇಕರಿಗೆ ಹುಡುಗನನ್ನು ಓಡಿಸಿ ಬ್ರೆಡ್ಡು ಬನ್ನು ತರಿಸುತ್ತಾರೆ. ತಪ್ಪೇನಿಲ್ಲ. ಆದರೆ ನಮ್ಮ ಮನೆಯ ಡಬ್ಬದಲ್ಲೇ ಇರುವ, ಅರ್ಧ ಗಂಟೆಯಲ್ಲಿ ಹಬೆಯಾಡುತ್ತಾ ತಟ್ಟೆಗೆ ಬೀಳುವ ಒಂದು ಬ್ರೆಡ್ಡು ಉಂಟು. ಅದು ರೊಟ್ಟಿ. ಈ ಹೊತ್ತು ಅದರ ವಿಚಾರ ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ.

ಹೇಳುವುದಕ್ಕೆ ನನಗೇನು ಅಧಿಕಾರ ಎಂದರೆ, ಇಷ್ಟೆ: ನಾನು ಹುಟ್ಟಿ ಬೆಳೆದದ್ದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನನ್ನನ್ನು ಕೊಟ್ಟದ್ದು ಮಾಲೂರಿಗೆ. ಮಗಳು ಸೇರಿರುವುದು ಮುಳಬಾಗಿಲಿನ ಮನೆ. ಯಜಮಾನರ ಕೆಲಸದ ದೆಸೆಯಿಂದ ನಾವು ನೆಲೆ ನಿಂತದ್ದು ಕೋಲಾರದ ಪೇಟೆಯಲ್ಲಿ. ಹೀಗೆ ನಾಲ್ಕು ತಾಲ್ಲೂಕಿನ ಒಲೆಗಳ ಮುಂದೆ ಕುಳಿತು ಬೆವರು ಸುರಿಸಿದ್ದೇನೆ. ಕೈಗೆ ಬಂದ ವಿದ್ಯೆ ಅಷ್ಟೆ.

ಮುಳಬಾಗಿಲು ಎಂದೊಡನೆ ಎಲ್ಲರೂ ದೋಸೆಯ ಮಾತೆತ್ತುತ್ತಾರೆ. ಆ ಊರಿನ ದೋಸೆಯ ಹೆಸರು ಬೆಂಗಳೂರಿನ ಹೋಟೆಲುಗಳ ಬೋರ್ಡಿನ ಮೇಲೂ ಹತ್ತಿದೆ. ಆದರೆ ದೋಸೆಗೆ ಹಿಂದಿನ ದಿನವೇ ಅಕ್ಕಿ ಬೇಳೆ ನೆನೆಹಾಕಬೇಕು, ರುಬ್ಬಬೇಕು, ರಾತ್ರಿಯೆಲ್ಲಾ ಹುಳಿ ಬರಲು ಬಿಡಬೇಕು. ನಾಳೆ ಬರುತ್ತೇವೆ ಎಂದು ಹೇಳಿ ಬರುವ ನೆಂಟರಿಗೆ ದೋಸೆ. ಹೇಳದೆ ಬಂದವರಿಗೆ ರೊಟ್ಟಿಯೇ ಗತಿ. ಅವರಿಗೂ ಗತಿ, ನಮಗೂ ಗತಿ. ಅದಕ್ಕೆ ನೆನೆಹಾಕುವುದಿಲ್ಲ, ರುಬ್ಬುವುದಿಲ್ಲ, ಹುದುಗು ಬರಿಸುವುದಿಲ್ಲ. ಹಿಟ್ಟು, ಉಪ್ಪು, ಬಿಸಿನೀರು, ಒಂದು ಹೆಂಚು. ಜೊತೆಗೆ ಹಿತ್ತಲಲ್ಲೋ ಬುಟ್ಟಿಯಲ್ಲೋ ಏನು ಸಿಕ್ಕಿತೋ ಅದು.

ಬಿಸಿನೀರು ಎಂದೆನಲ್ಲ, ಅಲ್ಲಿಯೇ ರೊಟ್ಟಿಯ ಗುಟ್ಟು ಇರುವುದು. ಹೋದ ವರ್ಷ ನನ್ನ ಮೊಮ್ಮಗ ಹೊಸದಾಗಿ ಕೊಂಡ ಓವನ್ನಿನಲ್ಲಿ ರಾಗಿಯ ಬ್ರೆಡ್ಡು ಮಾಡುತ್ತೇನೆಂದು ಹೊರಟ. ಬರೀ ರಾಗಿ ಹಿಟ್ಟಿಗೆ ಯೀಸ್ಟು ಕಲಸಿ ಎರಡು ಗಂಟೆ ಕಾದ. ಹಿಟ್ಟು ಅಲುಗಲಿಲ್ಲ. ಆದರೂ ಬೇಯಿಸಿ ಹೊರಗೆ ತೆಗೆದ. ಮಾಲೂರಿನಲ್ಲಿ ಹೆಂಚು ಮತ್ತು ಇಟ್ಟಿಗೆ ಸುಡುವುದು ಹೆಸರಾದ ಕಸುಬು. ನಮ್ಮ ಯಜಮಾನರು ಆ ಬ್ರೆಡ್ಡನ್ನು ಕೈಯಲ್ಲಿ ತೂಗಿ ನೋಡಿ, "ಇದೂ ಮಾಲೂರಿನದೇ ಮಾಲು" ಎಂದರು. ಹುಡುಗನ ಮುಖ ಸಣ್ಣದಾಯಿತು.

ತಪ್ಪು ಅವನದಲ್ಲ, ರಾಗಿಯದೂ ಅಲ್ಲ. ಗೋಧಿಯಲ್ಲಿ ಗ್ಲೂಟೆನ್ ಎಂಬ ಒಂದು ಅಂಟು ಉಂಟು. ನೀರು ಹಾಕಿ ನಾದಿದರೆ ಅದು ರಬ್ಬರಿನಂತೆ ಹಿಗ್ಗುತ್ತದೆ. ಯೀಸ್ಟು ಬಿಡುವ ಗಾಳಿಯನ್ನು ಹಿಡಿದುಕೊಂಡು ಉಬ್ಬುತ್ತದೆ. ರಾಗಿಯಲ್ಲಿ, ಅಕ್ಕಿಯಲ್ಲಿ ಆ ಅಂಟು ಇಲ್ಲ. ಎಷ್ಟು ನಾದಿದರೂ ಅದು ಗಾಳಿಯನ್ನು ಹಿಡಿಯಲಾರದು; ತಣ್ಣೀರಿನಲ್ಲಿ ಕಲಸಿ ಲಟ್ಟಿಸಲು ಹೋದರೆ ಅಂಚು ಬಿರಿಯುತ್ತದೆ. ಬೇರೊಂದು ಅಂಟನ್ನು ನಾವೇ ಹುಟ್ಟಿಸಬೇಕು. ಅದಕ್ಕೇ ಬಿಸಿನೀರು. ಹಿಟ್ಟಿನ ಪಿಷ್ಟ ಬಿಸಿನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಗಂಜಿ ಮಂದವಾಗುವುದೂ ಮುದ್ದೆ ಕೂಡಿಕೊಳ್ಳುವುದೂ ಇದೇ ಕಾರಣದಿಂದ. ನಮ್ಮ ಅಜ್ಜಿಯರಿಗೆ ಪಿಷ್ಟ ಎಂಬ ಮಾತು ಗೊತ್ತಿರಲಿಲ್ಲ. "ನೀರು ಸುಡಬೇಕು, ಕೈ ಸುಡಬಾರದು" ಎನ್ನುತ್ತಿದ್ದರು. ಅರ್ಥ ಒಂದೇ.

ಮೊಮ್ಮಗನಿಗೂ ದಾರಿ ಹೇಳಿಕೊಟ್ಟೆ: ಒಂದು ಪಾಲು ರಾಗಿ, ಮೂರು ಪಾಲು ಗೋಧಿ. ಎರಡನೆಯ ಸಲದ ಬ್ರೆಡ್ಡು ತಿನ್ನುವಂತೆ ಆಯಿತು. ಅದೇ ಅಳತೆಯಲ್ಲಿ ಚಪಾತಿಯೂ ಚೆನ್ನಾಗಿ ಬರುತ್ತದೆ.

ಈಗ ರೊಟ್ಟಿಗೆ ಬರೋಣ. ಎರಡು ಲೋಟ ರಾಗಿ ಹಿಟ್ಟು, ಎಂದರೆ ಕಾಲು ಕಿಲೋಗೆ ತುಸು ಹೆಚ್ಚು, ಆರು ರೊಟ್ಟಿಗೆ ಸಾಕು. ಎರಡು ದಪ್ಪ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ. ಮೂರೋ ನಾಲ್ಕೋ ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಒಂದು ಎಸಳು ಕರಿಬೇವು, ಎರಡು ಹಿಡಿ ಬಿಡಿಸಿದ ನುಗ್ಗೆ ಸೊಪ್ಪು, ಒಂದು ಚಮಚ ಜೀರಿಗೆ. ತೆಂಗಿನಕಾಯಿ ತುರಿ ಇದ್ದರೆ ಒಂದು ಹಿಡಿ, ಇಲ್ಲದಿದ್ದರೆ ಕೊರಗಬೇಕಾಗಿಲ್ಲ. ಮೊದಲು ಇವನ್ನೆಲ್ಲಾ ಉಪ್ಪು ಹಾಕಿ ಕೈಯಲ್ಲಿ ಚೆನ್ನಾಗಿ ಹಿಸುಕಿ. ಈರುಳ್ಳಿ ನೀರು ಬಿಡುತ್ತದೆ, ಸೊಪ್ಪು ಮೆತ್ತಗಾಗುತ್ತದೆ. ಆಮೇಲೆ ಹಿಟ್ಟು ಹಾಕಿ ಬೆರೆಸಿ.

ನೀರನ್ನು ಮರಳಿಸಿ ಇಳಿಸಿ, ಒಂದು ನಿಮಿಷ ಬಿಟ್ಟು, ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಸೌಟಿನ ಹಿಡಿಯಿಂದ ಕಲಸಿ. ಒಂದೂಕಾಲು ಲೋಟದಷ್ಟು ಹಿಡಿಯಬಹುದು. ಹಿಟ್ಟು ಹಿಟ್ಟಿಗೂ ವ್ಯತ್ಯಾಸ ಉಂಟು. ಆದ್ದರಿಂದ ಒಂದೇ ಸಲಕ್ಕೆ ಸುರಿಯಬೇಡಿ. ಕೈ ತಡೆಯುವಷ್ಟು ಆರಿದ ಮೇಲೆ ನಾದಿ. ಚಪಾತಿಯ ಹಿಟ್ಟಿಗಿಂತ ಮೆತ್ತಗೆ, ವಡೆಯ ಹಿಟ್ಟಿಗಿಂತ ಗಟ್ಟಿ ಇರಬೇಕು. ನಮ್ಮ ತಾಯಿ ಕಿವಿಯ ಹಾಲೆ ಮುಟ್ಟಿ ನೋಡು ಎನ್ನುತ್ತಿದ್ದರು. ಹಿಟ್ಟಿನ ಹದ ಅದು. ಒದ್ದೆ ಬಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ. ನೆಂಟರಿಗೆ ಕಾಫಿ ಕೊಡುವುದಕ್ಕೆ ಆ ಹತ್ತು ನಿಮಿಷ ಸರಿಯಾಗುತ್ತದೆ.

ತಣ್ಣಗಿರುವ ಹೆಂಚಿಗೆ ಎಣ್ಣೆ ಸವರಿ, ಕಿತ್ತಳೆ ಹಣ್ಣಿನ ಗಾತ್ರದ ಉಂಡೆ ಇಟ್ಟು, ಬೆರಳನ್ನು ನೀರಿನಲ್ಲಿ ಅದ್ದಿಕೊಂಡು ನಡುವಿನಿಂದ ಅಂಚಿಗೆ ತಟ್ಟುತ್ತಾ ಹೋಗಿ. ಬೆರಳಿನಿಂದ ನಾಲ್ಕು ತೂತು ಮಾಡಿ, ತೂತಿಗೊಂದು ತೊಟ್ಟು ಎಣ್ಣೆ ಬಿಡಿ. ಈಗ ಒಲೆಯ ಮೇಲಿಟ್ಟು ಮುಚ್ಚಳ ಮುಚ್ಚಿ. ಉರಿ ಹದವಾಗಿರಲಿ. ಮೂರು ನಾಲ್ಕು ನಿಮಿಷದಲ್ಲಿ ಅಂಚು ತಾನಾಗಿ ಹೆಂಚನ್ನು ಬಿಡುತ್ತದೆ. ಮಗುಚಿ ಹಾಕಿ, ಮುಚ್ಚಳವಿಲ್ಲದೆ ಇನ್ನೊಂದೆರಡು ನಿಮಿಷ.

ರೊಟ್ಟಿ ಕೆಡುವುದು ಮೂರು ಕಡೆ. ತಣ್ಣೀರಿನಲ್ಲಿ ಕಲಸಿದರೆ ಬಿರಿಯುತ್ತದೆ. ಉರಿ ದೊಡ್ಡದಾದರೆ ಮೇಲೆ ಸೀದು ಒಳಗೆ ಹಸಿಯಾಗಿ ಉಳಿಯುತ್ತದೆ. ಕಾದ ಹೆಂಚಿನ ಮೇಲೆ ತಟ್ಟಲು ಹೋದರೆ ಕೈ ಸುಟ್ಟುಕೊಂಡು, ರೊಟ್ಟಿಯೂ ದಪ್ಪವಾಗಿ ಕುಳಿತುಬಿಡುತ್ತದೆ. ಹಾಗೆಂದು ಕಾದ ಎರಕದ ಹೆಂಚಿನ ಮೇಲೆ ತಣ್ಣೀರು ಸುರಿಯಬೇಡಿ, ಬಿರುಕು ಬಿಟ್ಟೀತು. ಎರಡು ಹೆಂಚು ಇಟ್ಟುಕೊಳ್ಳಿ. ಒಂದು ಒಲೆಯ ಮೇಲಿರುವಾಗ ಇನ್ನೊಂದು ಆರುತ್ತಿರಲಿ. ಎರಡಿಲ್ಲದವರು ಬಾಳೆಲೆಯ ಮೇಲೋ ಒದ್ದೆ ಬಟ್ಟೆಯ ಮೇಲೋ ತಟ್ಟಿ, ಕಾದ ಹೆಂಚಿಗೆ ಬೋರಲು ಹಾಕಿ, ಎಲೆಯನ್ನು ಮೆಲ್ಲಗೆ ಬಿಡಿಸಿಕೊಂಡರೆ ಆಯಿತು.

ಮಾರ್ಗಶಿರ, ಪುಷ್ಯ ಮಾಸ ಬಂತೆಂದರೆ ನಮ್ಮ ಸೀಮೆಯ ರೊಟ್ಟಿಗೆ ಯೋಗ ತಿರುಗುತ್ತದೆ. ಅದು ಅವರೆಕಾಯಿಯ ಕಾಲ. ಡಿಸೆಂಬರಿನ ಮಂಜಿನಲ್ಲಿ ಕಿತ್ತ ಸೊಗಡಿನ ಅವರೆಕಾಯಿಯನ್ನು ಮೂಟೆಯಲ್ಲಿ ತಂದು ಪಡಸಾಲೆಯಲ್ಲಿ ಸುರಿದರೆ, ಮನೆಮಂದಿಯೆಲ್ಲಾ ಸುತ್ತ ಕೂತು ಸುಲಿಯುವುದು. ಹಿತಕಿದ ಬೇಳೆ ಸಾರಿಗೆ; ಹಿತಕದ ಕಾಳು ರೊಟ್ಟಿಗೆ. ಅಕ್ಕಿ ರೊಟ್ಟಿಗೆ ಇದು ಹೇಳಿ ಮಾಡಿಸಿದ್ದು. ಒಂದು ಲೋಟ ಅವರೆಕಾಳನ್ನು ಉಪ್ಪು ಹಾಕಿ ಮೆತ್ತಗೆ ಬೇಯಿಸಿ, ಎರಡು ಲೋಟ ಅಕ್ಕಿ ಹಿಟ್ಟು, ಒಂದು ಕಟ್ಟು ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಕಾಯಿತುರಿಯ ಜೊತೆ, ಕಾಳು ಬೆಂದ ಬಿಸಿನೀರಿನಲ್ಲೇ ಕಲಸಿ. ಪಾತ್ರೆಯ ತಳದಲ್ಲಿ ಉಳಿದ ಒಂದು ಸೌಟು ಅನ್ನವನ್ನೂ ನುಣ್ಣಗೆ ಹಿಸುಕಿ ಸೇರಿಸಿ. ಅನ್ನ ಸೇರಿದ ಅಕ್ಕಿ ರೊಟ್ಟಿ ಆರಿದ ಮೇಲೂ ಅಟ್ಟೆಯಂತೆ ಆಗುವುದಿಲ್ಲ.

ರಾಗಿ, ಅವರೆ, ಹುಚ್ಚೆಳ್ಳು, ಇವು ತಟ್ಟೆಯಲ್ಲಿ ಜೊತೆಯಾದದ್ದು ಆಕಸ್ಮಿಕವಲ್ಲ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಸೀಮೆ ನಮ್ಮದು. ಕೆರೆ ಮತ್ತು ಮಳೆಯನ್ನು ನಂಬಿದ ಬೇಸಾಯ. ಹಿಂದಿನವರು ಹೊಲಕ್ಕೆ ರಾಗಿಯೊಂದನ್ನೇ ಬಿತ್ತುತ್ತಿರಲಿಲ್ಲ. ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ಹುಚ್ಚೆಳ್ಳು, ಹರಳು, ಜೋಳ ಹಾಕುತ್ತಿದ್ದರು. ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತಿತ್ತು. ಹೊಲದಲ್ಲಿ ಅಕ್ಕಪಕ್ಕ ಬೆಳೆದವು ಹೆಂಚಿನ ಮೇಲೂ ಅಕ್ಕಪಕ್ಕ ಬಂದವು. ರಾಗಿ ಅವರೆ ಸೇರಿ ರೊಟ್ಟಿಯಾಯಿತು. ಹುಚ್ಚೆಳ್ಳು ಹುರಿದು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪಿನ ಜೊತೆ ಕುಟ್ಟಿದರೆ ಅದಕ್ಕೆ ಚಟ್ನಿಪುಡಿಯಾಯಿತು.

ನಂಚಿಕೊಳ್ಳುವುದಕ್ಕೆ ಇನ್ನೇನು? ಗಟ್ಟಿ ಮೊಸರು, ಬೆಣ್ಣೆ, ಹುರಿದ ಕಡಲೇಕಾಯಿ ಬೀಜದ ಚಟ್ನಿ. ಕೋಲಾರದಲ್ಲಿ ಟೊಮೇಟೊಗೆ ಬರವಿಲ್ಲ. ಬೆಳ್ಳುಳ್ಳಿ ಒಗ್ಗರಣೆಯ ಒಂದು ಗೊಜ್ಜು ಕಾಲು ಗಂಟೆಯ ಕೆಲಸ. ಬೇಸಗೆಯಲ್ಲಿ ಶ್ರೀನಿವಾಸಪುರದ ತೋಟಗಳಲ್ಲಿ ಮಾವು ಜಗ್ಗುತ್ತಿರುವಾಗ ಹುಳಿ ಮಾವಿನಕಾಯಿ ತುರಿದು ಕಾಯಿ, ಹಸಿಮೆಣಸಿನಕಾಯಿಯೊಂದಿಗೆ ರುಬ್ಬಿದರೆ ಬೇರೇನೂ ಬೇಡ.

ಊಟಕ್ಕೇ ನಿಲ್ಲುವ ನೆಂಟರಾದರೆ ಬಸ್ಸಾರು ಮಾಡಿ. ಒಂದು ಬೇಯಿಸುವಿಕೆಯಲ್ಲಿ ಎರಡು ಅಡಿಗೆ ಆಗುವ ಜಾಣತನ ಅದು. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ ನೀರು ಬಸಿದುಕೊಳ್ಳಿ. ಕಾಳುಸೊಪ್ಪಿಗೆ ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಿದರೆ ಪಲ್ಯ, ಅದು ರೊಟ್ಟಿಗೆ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಮೆಣಸು, ಕಾಯಿ, ಹುಣಿಸೆಹಣ್ಣು, ಅದೇ ಕಾಳುಸೊಪ್ಪಿನಿಂದ ಒಂದು ಹಿಡಿ, ಇಷ್ಟನ್ನು ರುಬ್ಬಿ ಬಸಿದ ನೀರಿಗೆ ಕದಡಿ ಕುದಿಸಿದರೆ ಸಾರು; ಅದು ಮುದ್ದೆಗೂ ಅನ್ನಕ್ಕೂ. ಮುದ್ದೆಯನ್ನು ನಮ್ಮ ಕಡೆ ತೆಲುಗು ಮಾತಿನ ಮನೆಗಳಲ್ಲಿ ಸಂಗಟಿ ಎನ್ನುತ್ತಾರೆ. ಹೆಸರು ಎರಡು, ಕೋಲು ಒಂದೇ.

ಇಷ್ಟೆಲ್ಲಾ ಹೇಳಿದೆ. ಆದರೆ ಈ ರಾಗಿ ರೊಟ್ಟಿಯನ್ನು ನೆಂಟರ ಮುಂದೆ ಇಡುವುದಕ್ಕೆ ನಾನೇ ನಾಚಿದವಳು ಎಂಬುದನ್ನೂ ಹೇಳಬೇಕು. ಮಾಲೂರಿನ ಮನೆಗೆ ಬೆಂಗಳೂರಿನಿಂದ ಯಾರಾದರೂ ಬಂದರೆ, ಹೆಂಚಿನ ಮೇಲಿದ್ದ ರಾಗಿ ರೊಟ್ಟಿಯನ್ನು ತಟ್ಟೆ ಮುಚ್ಚಿ ಮೂಲೆಗಿಟ್ಟು, ಗಡಿಬಿಡಿಯಿಂದ ಪೂರಿ ಕರಿಯುತ್ತಿದ್ದೆ. ರಾಗಿ ಎಂದರೆ ಕಪ್ಪು, ಬಡವರದು, ಹೊಲದಲ್ಲಿ ದುಡಿಯುವವರದು. ಗೋಧಿ ಅಕ್ಕಿ ಮರ್ಯಾದೆಯವರದು ಎಂಬ ಭಾವನೆ ಪೇಟೆಯ ಮನೆಗಳಲ್ಲಿ ಬೇರೂರಿತ್ತು. ಈ ಜಗಳ ಹೊಸದೂ ಅಲ್ಲ. ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಅಕ್ಕಿಗೂ ರಾಗಿಗೂ ವಾದ ಹೂಡಿಸಿದ್ದಾರೆ. ಯಾರು ಹೆಚ್ಚು ಎಂದು ತೀರ್ಮಾನಿಸಲು ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ; ಕೊನೆಗೆ ಕುಗ್ಗದೆ ಉಳಿದದ್ದು ರಾಗಿ. ಕವಿಯ ಕಲ್ಪನೆಯಾದರೂ ಅದರ ಹಿಂದೆ ರೈತನ ಅನುಭವ ಉಂಟು. ಹಗೇವಿನಲ್ಲಿ ಹಾಕಿದ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬರಗಾಲದ ಬ್ಯಾಂಕು ಅದು.

ರಾಗಿಯೂ ಒಂದು ಕಾಲದಲ್ಲಿ ಈ ನಾಡಿಗೆ ಬಂದ ನೆಂಟನೇ. ಅದರ ತವರು ಪೂರ್ವ ಆಫ್ರಿಕದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು ನಮ್ಮದೇ ಆಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ನಂಟಸ್ತಿಕೆ ಬೆಳೆಸಿ ಹೆಚ್ಚು ಇಳುವರಿ ಕೊಡುವ ಇಂಡಾಫ್ ತಳಿಗಳನ್ನು ಪಡೆದರು. ಇಂಡಿಯ, ಆಫ್ರಿಕ ಎರಡೂ ಆ ಹೆಸರಿನಲ್ಲೇ ಇವೆ. ದೇಶದಲ್ಲಿ ಬೆಳೆಯುವ ರಾಗಿಯಲ್ಲಿ ಅರ್ಧಕ್ಕೂ ಹೆಚ್ಚು ಕರ್ನಾಟಕದ್ದು. ವಿಶ್ವಸಂಸ್ಥೆಯವರು 2023ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲಂತೂ, ನಾನು ಮೂಲೆಗಿಡುತ್ತಿದ್ದ ರೊಟ್ಟಿಗೆ ಬೆಂಗಳೂರಿನ ಹೋಟೆಲುಗಳಲ್ಲಿ ಒಳ್ಳೆಯ ಬೆಲೆ ಬಂದಿದೆ. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಎಂದರೆ ಇದೇ ತಾನೆ?

ರಾಗಿಯ ಗುಣ ದೊಡ್ಡದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇರುತ್ತದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂನ ಆಸುಪಾಸು. ಬೆಳೆಯುವ ಮಕ್ಕಳಿಗೂ ಮೂಳೆ ಸವೆಯುವ ವಯಸ್ಸಿನ ನಮ್ಮಂಥವರಿಗೂ ಅದು ಬೇಕು. ಆದರೆ ರಾಗಿ ತಿಂದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂಬ ಮಾತನ್ನು ನಂಬಿ ಔಷಧ ಬಿಡಬೇಡಿ. ಅದು ಆಹಾರ, ಮದ್ದಲ್ಲ. ಆಹಾರವಾಗಿಯೇ ಅದಕ್ಕೆ ಸಾಕಷ್ಟು ಗೌರವ ಉಂಟು.

ಈ ರೊಟ್ಟಿಯನ್ನು ಹಿಗ್ಗಿಸುವ ವಿದ್ಯೆ ನಾನು ಎಲ್ಲಿ ಕಲಿತೆ ಎಂದು ಹೇಳಿ ಮಾತು ಮುಗಿಸುತ್ತೇನೆ. 1966ನೆಯ ಇಸವಿ. ದೇಶದಲ್ಲಿ ಮಳೆ ತಪ್ಪಿದ ಕಾಲ. ಹಡಗಿನಲ್ಲಿ ಅಮೆರಿಕದ ಗೋಧಿ ಬರುತ್ತಿತ್ತು. ವಾರಕ್ಕೆ ಒಂದು ಹೊತ್ತು ಊಟ ಬಿಡಿ ಎಂದು ಲಾಲ್ ಬಹಾದೂರ್ ಶಾಸ್ತ್ರಿಗಳು ಹಿಂದಿನ ವರ್ಷ ಕೇಳಿಕೊಂಡಿದ್ದರು. ಆಗ ನನಗೆ ಹನ್ನೆರಡು ವರ್ಷ. ಒಂದು ರಾತ್ರಿ ಕಡೆಯ ಬಸ್ಸಿಗೆ ನಮ್ಮ ಸೋದರಮಾವ, ಅತ್ತೆ, ಅವರ ಇಬ್ಬರು ಮಕ್ಕಳು ತಿರುಪತಿಯಿಂದ ಬಂದು ಇಳಿದರು. ನಾವು ಮನೆಯಲ್ಲಿ ಆರು ಜನ. ಇನ್ನೂ ಊಟ ಮಾಡಿರಲಿಲ್ಲ. ಡಬ್ಬದಲ್ಲಿದ್ದದ್ದು ಎರಡು ಪಾವು ರಾಗಿ ಹಿಟ್ಟು. ಮಾರನೆಯ ದಿನ ಬೀಸುವ ಕಲ್ಲಿನ ಮುಂದೆ ಕೂರಬೇಕಾಗಿತ್ತು.

ನಮ್ಮ ತಾಯಿ ಗಾಬರಿಯಾಗಲಿಲ್ಲ. "ಏಯ್ ಕೂಸೆ, ಲಾಟೀನು ಹಿಡಕೊಂಡು ಬಾರೆ" ಎಂದು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಕತ್ತಲಾದ ಮೇಲೆ ಗಿಡ ಮುಟ್ಟಬಾರದೆಂದು ನಮಗೆಲ್ಲಾ ಹೇಳಿಕೊಟ್ಟವರೇ ಅವರು. ನುಗ್ಗೆ ಮರದ ಬುಡ ಮುಟ್ಟಿ, "ತಪ್ಪಾಯಿತಮ್ಮ, ಮನೆಗೆ ಜನ ಬಂದವರೆ" ಎಂದು ಹೇಳಿ ಒಂದು ರೆಂಬೆ ಬಗ್ಗಿಸಿ ಸೊಪ್ಪು ಕಿತ್ತರು. ಸಂಜೆ ಬೇಯಿಸಿಟ್ಟ ಅವರೆಕಾಳು ಇತ್ತು. ಮೂರು ಈರುಳ್ಳಿ ಇತ್ತು. ಎಲ್ಲವನ್ನೂ ಹಿಟ್ಟಿಗೆ ಸುರಿದು, ಕಾಳಿನ ನೀರಿನಲ್ಲೇ ಕಲಸಿ, ರೊಟ್ಟಿ ತಟ್ಟಿದರು. ಆರು ರೊಟ್ಟಿಯ ಹಿಟ್ಟಿನಲ್ಲಿ ಒಂಬತ್ತು ರೊಟ್ಟಿ ಆಯಿತು.

ಮನೆಯಲ್ಲಿ ಇದ್ದದ್ದು ಹತ್ತು ಜನ.

ಮಾವ, "ಅಕ್ಕಯ್ಯ, ತಿರುಪತೀಲಿ ಇಂಥ ಊಟ ಸಿಕ್ಕಲಿಲ್ಲ ನೋಡು" ಎಂದು ಬಾಯಿ ತುಂಬಾ ಹೊಗಳಿದರು. ಅತ್ತೆ ಹುಚ್ಚೆಳ್ಳು ಪುಡಿಯನ್ನು ಇನ್ನೊಂದು ಸಲ ಹಾಕಿಸಿಕೊಂಡರು. "ನೀನೂ ಕೂತ್ಕೊ ಬಾ" ಎಂದು ಕರೆದರೆ, "ನಾನು ಆಮೇಲೆ ತಿಂತೀನಿ, ನೀವು ತಿನ್ನಿ" ಎಂದರು ನಮ್ಮ ತಾಯಿ. ಬೋಗುಣಿ ತೊಳೆಯುವುದಕ್ಕೆ ಎತ್ತಿದವಳು ನಾನು. ಅದರಲ್ಲಿ ಬೆರಳಿಗೆ ಹತ್ತುವಷ್ಟೂ ಹಿಟ್ಟಿರಲಿಲ್ಲ. ತಿರುಗಿ ನೋಡಿದೆ. ಅವರು ಮಜ್ಜಿಗೆಗೆ ಒಂದು ಹರಳು ಉಪ್ಪು ಹಾಕಿ ಕುಡಿಯುತ್ತಿದ್ದರು. "ನನಗೆ ಹಸಿವಿಲ್ಲ ಕಣೆ, ನೀನು ಮಲಕ್ಕೋ ಹೋಗು" ಎಂದರು. ನೆಂಟರಿಗೆ ಲೆಕ್ಕ ತಿಳಿಯಲಿಲ್ಲ. ನನಗೆ ತಿಳಿಯಿತು.

ಆ ರಾತ್ರಿ ನಾನು ಎರಡು ವಿದ್ಯೆ ಕಲಿತೆ. ಸೊಪ್ಪು ಕಾಳು ಸೇರಿಸಿ ಹಿಟ್ಟನ್ನು ಹಿಗ್ಗಿಸುವುದು ಒಂದು. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ತಿನ್ನುವುದು ಇನ್ನೊಂದು. ಮೊದಲನೆಯದು ಬಂಗಾರದಂಥ ವಿದ್ಯೆ. ಎರಡನೆಯದನ್ನೂ ಬಂಗಾರವೆಂದೇ ತಿಳಿದು ನಲವತ್ತು ವರ್ಷ ಪಾಲಿಸಿದೆ. ಡಬ್ಬದಲ್ಲಿ ಹಿಟ್ಟು ತುಂಬಿ ತುಳುಕುವ ಕಾಲ ಬಂದರೂ ಬಿಡಲಿಲ್ಲ. ರೊಟ್ಟಿಯ ಗುಣವೇ ಹಾಗೆ ನೋಡಿ: ಒಂದೊಂದಾಗಿ ಬೇಯಬೇಕು, ಬಿಸಿಯಾಗಿ ತಿನ್ನಬೇಕು. ತಿನ್ನುವವರೆಲ್ಲಾ ಹಜಾರದಲ್ಲಿ, ತಟ್ಟುವವಳು ಒಬ್ಬಳೇ ಒಳಗೆ. ಅವಳು ತಿನ್ನುವ ಹೊತ್ತಿಗೆ ರೊಟ್ಟಿ ತಣ್ಣಗೆ, ಮಾತು ಮುಗಿದು ನೆಂಟರಿಗೆ ಆಕಳಿಕೆ.

ಕೆಲವು ವರ್ಷಗಳ ಕೆಳಗೆ ಮುಳಬಾಗಿಲಿಗೆ ಮಗಳ ಮನೆಗೆ ಹೋದೆ. ಹೇಳದೆಯೇ ಹೋದೆ, ನಾನೂ ನೆಂಟಳು ತಾನೆ! ಮಗಳು ಆಗಷ್ಟೇ ಕೆಲಸದಿಂದ ಬಂದಿದ್ದಳು. ಒಳಗೆ ನೋಡಿದರೆ ಅಳಿಯ ಹೆಂಚಿನ ಮೇಲೆ ರೊಟ್ಟಿ ತಟ್ಟುತ್ತಿದ್ದಾರೆ. ನನಗೆ ಜೀವ ಹಿಡಿಯಷ್ಟಾಯಿತು. "ಬಿಡಿ, ನಾನು ಮಾಡ್ತೀನಿ" ಎಂದು ಸೆರಗು ಸಿಕ್ಕಿಸಿಕೊಂಡು ಹೊರಟೆ. "ಅಮ್ಮಾ, ಸುಮ್ನೆ ಕೂತ್ಕೊ" ಎಂದು ಮಗಳು ಕೈ ಹಿಡಿದು ಕೂರಿಸಿದಳು. ಕೂತೆ, ಮುಳ್ಳಿನ ಮೇಲೆ ಕೂತಂತೆ.

ಅಳಿಯ ಮೊದಲನೆಯ ರೊಟ್ಟಿ ತಂದು ನನ್ನ ತಟ್ಟೆಗೆ ಹಾಕಿದರು. ಆಕಾರಕ್ಕೆ ಹೆಸರಿಡುವಂತಿರಲಿಲ್ಲ. ನಡುವೆ ದಪ್ಪ, ಒಂದು ಕಡೆ ಸೀದಿತ್ತು. ಮುರಿದರೆ ಒಳಗಿನಿಂದ ಹಬೆ ಬಂತು, ಬೆರಳು ಸುಟ್ಟಿತು. ಅಷ್ಟು ವರ್ಷ ನಾನು ಸಾವಿರಾರು ರೊಟ್ಟಿ ಬೇಯಿಸಿರಬಹುದು. ಹೆಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ಕೂತು ತಿಂದದ್ದು ಅದೇ ಮೊದಲು. ಬೆಣ್ಣೆ ಹಾಕಿದರೆ ನಿಂತಲ್ಲಿ ಕರಗಿತು. ನಮ್ಮ ತಾಯಿಗೆ ಹೀಗೆ ಒಂದು ಸಲವಾದರೂ ಬಡಿಸಿದ್ದೆನೆ ಎಂದು ಯೋಚಿಸಿದೆ. ಇಲ್ಲ, ಬಡಿಸಿರಲಿಲ್ಲ.

ಆವತ್ತಿನಿಂದ ನಮ್ಮ ಮನೆಯಲ್ಲಿ ಪದ್ಧತಿ ಬದಲಾಗಿದೆ. ನೆಂಟರು ಬಂದರೆ ಹಜಾರದಲ್ಲಿ ಎಲೆ ಹಾಕುವುದಿಲ್ಲ. ಎಲ್ಲರನ್ನೂ ಅಡಿಗೆಮನೆಗೇ ಕರೆಯುತ್ತೇನೆ. ಜಾಗ ಸಾಲದಿದ್ದರೆ ಗ್ಯಾಸಿನ ಒಲೆಯೇ ಊಟದ ಮೇಜಿನ ಪಕ್ಕಕ್ಕೆ ಬರುತ್ತದೆ. ಎರಡು ಹೆಂಚು, ಒಂದು ಬೋಗುಣಿ ಹಿಟ್ಟು. ಎರಡು ರೊಟ್ಟಿಗೊಮ್ಮೆ ತಟ್ಟುವ ಕೈ ಬದಲಾಗಬೇಕು. ಗಂಡಸರು ಮೊದಮೊದಲು ನಗುತ್ತಾರೆ, ಆಮೇಲೆ ಪಂದ್ಯ ಕಟ್ಟುತ್ತಾರೆ. ಮಕ್ಕಳಿಗೆ ಬೆಲ್ಲದ ನೀರಿನಲ್ಲಿ ಕಲಸಿದ ಒಂದು ಉಂಡೆ ಕೊಟ್ಟರೆ ಅಂಗೈಯಗಲದ ಸಿಹಿ ರೊಟ್ಟಿ ತಾವೇ ತಟ್ಟಿಕೊಳ್ಳುತ್ತಾರೆ. ಮೊದಲ ರೊಟ್ಟಿ ಮಾತ್ರ ಯಾರೊಬ್ಬರದೂ ಅಲ್ಲ. ಅದನ್ನು ಬಿಸಿಬಿಸಿಯಾಗಿ ಮುರಿದು ಇದ್ದವರಿಗೆಲ್ಲಾ ಒಂದೊಂದು ಚೂರು. ತಟ್ಟಿದವರ ಬಾಯಿಗೂ ಒಂದು ಚೂರು. ಆಮೇಲೆ ಉಳಿದ ರೊಟ್ಟಿಗಳ ಲೆಕ್ಕ.

ಹಿಟ್ಟು ಕಲಸುವ ಮುಂಚೆ ಜನರನ್ನು ಎಣಿಸುವಾಗ, ಸೋದರಿಯರೆ, ನಿಮ್ಮನ್ನೂ ಸೇರಿಸಿ ಎಣಿಸಿ. ಹಿಟ್ಟು ಸಾಲದೆ ಬಂದರೆ ಇನ್ನೊಂದು ಹಿಡಿ ಸೊಪ್ಪು ಹಾಕಿದರಾಯಿತು.